ಸಂಪರ್ಕ ತಪ್ಪಿದವರು

ಉಲಾನ್‌ಬಾತರಿನಲ್ಲಿ ಜನವರಿಯ ಬೆಳಗು ಒಂಬತ್ತಾದರೂ
ಕಲ್ಲಿದ್ದಲ ಹೊಗೆಯೊಳಗೆ ಕಣ್ಣುಜ್ಜುತ್ತಲೇ ಇರುತ್ತದೆ.
ಡಾಕ್ಟರ್ ಯಂಜ್ಮಾ ಕೋಟು ಬಿಚ್ಚುವ ಮೊದಲು
ಫ್ರೀಜರಿನ ಕೆಂಪು ಅಂಕಿ ನೋಡುತ್ತಾರೆ: ಮೈನಸ್ ಎಂಬತ್ತು.
ಹೊರಗೆ ಬರೀ ಮೂವತ್ತೆರಡು.
"ನಿಮಗೇ ಹೆಚ್ಚು ಚಳಿ, ಪಾಪ" ಎನ್ನುತ್ತಾರೆ
ಒಳಗಿರುವ ಎರಡು ಸಾವಿರ ಚಿಲ್ಲರೆ ಚೂರುಗಳಿಗೆ.
ಒಂದೊಂದೂ ಉದ್ದಿನ ಕಾಳಿನಷ್ಟು,
ಒಂದೊಂದಕ್ಕೂ ಒಬ್ಬ ಮನುಷ್ಯನ ನಂಬರು.

ಅವರ ಮಾತಿನಲ್ಲಿ ರಕ್ತಸಂಬಂಧಿಗಳೆಂದರೆ
ಒಂದೇ ಯಕೃತ್ತಿನವರು.
ನಾವು ಕರುಳು ಅನ್ನುವಲ್ಲಿ ಅವರದು ಯಕೃತ್ತು;
ಮಗುವನ್ನು ಅವಚಿಕೊಳ್ಳುವುದೂ ಯಕೃತ್ತಿಗೇ.
ಅಲ್ಲೇ ಗಡ್ಡೆ ಕಟ್ಟಿದರೆ
ಯಾವ ಬಾಯಲ್ಲಿ ಹೇಳುವುದು ಮನೆಯವರಿಗೆ?
ಯಂಜ್ಮಾ ಚೀಟಿಯ ಹಿಂದೆ ಚಿತ್ರ ಬರೆಯುತ್ತಾರೆ:
ಎಂಟು ಹೋಳು, ನಡುವೆ ಮೂರು ಹೊಳೆ.
"ಈ ದಡದ್ದು ಎರಡು ತೆಗೆಯುತ್ತೇನೆ. ಉಳಿದದ್ದು ಬೆಳೆಯುತ್ತೆ."
ಕುರಿ ಮೇಯಿಸುವವರಿಗೆ ಇಷ್ಟು ಸಾಕು.
ಹುಲ್ಲೂ ಹಾಗೇ ತಾನೆ.

ಮೊದಲ ಪ್ರಬಂಧ ಕಳಿಸಿದಾಗ ಮೂವತ್ತೆಂಟು ವರ್ಷ.
ದೂರದೂರಿನ ಪರೀಕ್ಷಕರು ಸಭ್ಯವಾಗಿ ಕೇಳಿದ್ದರು:
ಇನ್ನೂರ ಹನ್ನೆರಡರಲ್ಲಿ ನಲವತ್ತೊಂದು ಮಂದಿ
ಸಂಪರ್ಕ ತಪ್ಪಿದವರು ಎಂದಿದ್ದೀರಿ. ಬಹಳವಾಯಿತಲ್ಲ?

ಮೊದಲು ನಗು, ಆಮೇಲೆ ಸಿಟ್ಟು.
ಹುಲ್ಲು ಮುಗಿಯಿತು, ಕಂಬಳಿ ಡೇರೆ ಬಿಚ್ಚಿ ಒಂಟೆಗೆ ಹೇರಿ ಹೋದರು.
ತಪ್ಪಿದ್ದು ವಿಳಾಸ.

ಆ ಬೇಸಿಗೆಯ ರಜೆಗೆ ರಷ್ಯದ ಹಳೇ ಜೀಪು, ಚಾಲಕ ಬ್ಯಾಂಬಾ,
ಮಡಿಲಲ್ಲಿ ನೀಲಿ ರಟ್ಟಿನ ರಿಜಿಸ್ಟರು.
ಬಾವಿಯ ಹತ್ತಿರ ಕೇಳಿದರು, ಅಂಚೆಯವನನ್ನು ಕೇಳಿದರು,
ಹೊಟ್ಟೆಯ ಮೇಲೆ ಉದ್ದ ಹೊಲಿಗೆಯ ಗುರುತಿರುವವರನ್ನು
ಕಂಡಿರಾ ಎಂದು ಕುಸ್ತಿಯ ಕಣದಲ್ಲೂ ಕೇಳಿದರು.
ಹದಿನೇಳು ಜನ ಸಿಕ್ಕರು, ಜೀವಂತ.
ಗೊಂಬೊ ಎಂಬವನು ಕುದುರೆಯಿಂದ ಇಳಿಯದೆ ಅಂಗಿಯೆತ್ತಿ
"ನಿಮ್ಮ ಕಸೂತಿ ನೋಡಿ ಡಾಕ್ಟರೇ, ಒಂದೆಳೆ ಬಿಟ್ಟಿಲ್ಲ" ಎಂದ.
ಇಪ್ಪತ್ತೊಂದು ಡೇರೆಗಳಲ್ಲಿ ಉಪ್ಪಿನ ಚಹಾ ಕುಡಿದು
ಇಲ್ಲದವರ ಹೆಸರಿನ ಮುಂದೆ ತಾರೀಕು ಬರೆದುಕೊಂಡರು.
ಮೂವರದು ಇಂದಿಗೂ ಖಾಲಿ.

ಎರಡನೆಯ ಪ್ರಬಂಧದ ದಾರಿ ಇಷ್ಟು ಉದ್ದವಿರಲಿಲ್ಲ.
ವೈರಸ್ಸು ಹೊಕ್ಕಿದ್ದು ಎಲ್ಲಿಂದ? ಹದಿನಾಲ್ಕು ಪ್ರಶ್ನೆ.
ರಕ್ತ ಪಡೆದಿದ್ದಿರಾ, ಹಲ್ಲು ಕೀಳಿಸಿದ್ದಿರಾ...
ಒಂಬತ್ತನೆಯದು: ಶಾಲೆಯಲ್ಲಿ ಚುಚ್ಚುಮದ್ದು, ಗಾಜಿನ ಸಿರಿಂಜು?
ತಮಗರಿವಿಲ್ಲದೆ ತೋಳು ಮುಟ್ಟಿಕೊಂಡು
ಎಲ್ಲರೂ ಹೌದು.

ಒಂದು ಶಾಲೆಯ ಹೆಸರು ಮತ್ತೆ ಮತ್ತೆ ಬಂದಾಗ
ಯಂಜ್ಮಾ ಎದ್ದು ಆ ಚಳಿಯಲ್ಲೂ ಕಿಟಕಿ ತೆರೆದರು.
ಅಲ್ಲಿನ ನರ್ಸು ದುಲ್ಮಾ. ಅವರ ತಾಯಿ.
ಸಗಣಿಯ ಬೆರಣಿ ಒಲೆಯ ಮೇಲೆ ಸಿರಿಂಜು ಕುದಿಯಲಿಟ್ಟು
ಮಗಳನ್ನೇ ಕೂರಿಸುತ್ತಿದ್ದಳು ಕಾವಲಿಗೆ.
ಗುಳ್ಳೆ ಎದ್ದರೆ ಕೂಗು.
ಕೆಲವು ಸಲ ಒಲೆ ಆರಿರುತ್ತಿತ್ತು. ಮಕ್ಕಳ ಸಾಲು ಉದ್ದವಿರುತ್ತಿತ್ತು.
ಕೆಲವು ಸಲ, ಆಟಕ್ಕೆ ಓಡುವ ಅವಸರದಲ್ಲಿ,
ಗುಳ್ಳೆ ಏಳುವ ಮೊದಲೇ ಕೂಗಿದ್ದುಂಟು.
ಗೋಡೆಯ ಮೇಲೆ ಪದಕವಿದೆ ಈಗಲೂ: ನೂರಕ್ಕೆ ನೂರು ಮಕ್ಕಳಿಗೆ.

ಸಾಲು ಅಳಿಸಲಿಲ್ಲ.
ಮೂರನೇ ಕೋಷ್ಟಕದಲ್ಲಿ ಹಾಗೇ ಅಚ್ಚಾಯಿತು.
"ಏನೇ ಬರೆದೆ ಇಷ್ಟು ದಿನ?" ಎಂದಳು ಎಂಬತ್ತೆರಡರ ತಾಯಿ.
ಯಂಜ್ಮಾ ಅವಳನ್ನು ಯಕೃತ್ತಿಗೆ ಅಪ್ಪಿಕೊಂಡು
"ಯಾರ್‍ಯಾರು ಎಲ್ಲಿದ್ದಾರೆ ಅಂತ" ಎಂದರು.

ಈಗ ನಿವೃತ್ತಿಗೆ ಹನ್ನೊಂದು ದಿನ.
ಪೆಟ್ಟಿಗೆಗೆ ತುಂಬುವ ಬದಲು ನೀಲಿ ರಿಜಿಸ್ಟರು ಬಿಚ್ಚಿ
ಗೊಂಬೊನ ನಂಬರು ಒತ್ತುತ್ತಾರೆ.
ಅವನ ಸಾಲು ಮುಗಿದು ಐದು ವರ್ಷ; ಕೇಳುವುದೇನೂ ಉಳಿದಿಲ್ಲ.
ಹೆಂಡತಿ ಎತ್ತಿಕೊಳ್ಳುತ್ತಾಳೆ. ಗಾಳಿಯ ಸದ್ದು, ನಾಯಿಯ ಸದ್ದು.
"ಈ ಸಲ ಎಲ್ಲಿಳಿದಿದ್ದೀರಿ?"
"ಹಳೇ ಜಾಗದಿಂದ ಎರಡು ಗುಡ್ಡ ಆಚೆ. ಹಿಮ ಕಡಿಮೆ ಇಲ್ಲಿ."
ಅದಕ್ಕೊಂದು ಕಾಲಮ್ಮಿಲ್ಲ.
ಅಂಚಿನಲ್ಲಿ ಬರೆದುಕೊಳ್ಳುತ್ತಾರೆ.