ಗಾಜಿಗೆ ಪೊರೆ

ರಾಗಿಗುಡ್ಡದ ನಮ್ಮ ತಾರಸಿಯ ಮೇಲೆ
ಈಗ ಎರಡು ರಟ್ಟಿನ ಪೆಟ್ಟಿಗೆ, ಒಂದರ ಹೊಟ್ಟೆಯಲ್ಲಿ ಒಂದು.
ದೊಡ್ಡದು ಸೇಬಿನದು, ಗಾಂಧಿಬಜಾರಿನಿಂದ ಬಂದದ್ದು.
ಚಿಕ್ಕದು ನಮ್ಮ ಮಿಕ್ಸಿಯದು
(ಮಿಕ್ಸಿ ಸುಟ್ಟು ಆರು ವರ್ಷ, ಪೆಟ್ಟಿಗೆ ಮಾತ್ರ ಗಟ್ಟಿ).
ನಡುವಿನ ಸಂದಿಗೆ ಭತ್ತದ ಹೊಟ್ಟು,
ನನ್ನ ಹಳೇ ಕೌದಿಯ ಚಿಂದಿ.
ಕೇಳದೆ ಹರಿದದ್ದು. ಇರಲಿ.

ಕೆಳಗಿನ ಮನೆಯ ನಗ್ಮಾ, ಎಂಟನೇ ಕ್ಲಾಸು,
ಟೀಚರು ಹೇಳಿದ್ದನ್ನು ಅಂಗೈ ಮೇಲೆ ಬರೆದುಕೊಂಡು ಬಂದು
ಇವರನ್ನೇ ಕೇಳಿದಳು:
"ತಾತ, ನೀವು ಬೆಂಕಿಯವರಲ್ವಾ?"

ಬೆಂಕಿಯವರೇ.
ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ.
ಮೀಟರು ನೋಡಿ ಕಾವು ಹೇಳಿದವರಲ್ಲ.
ಕುಂಕುಮದ ಕೆಂಪು ಅಂದರೆ ಇನ್ನೂ ಹಸಿ,
ಕಿತ್ತಳೆ ಅಂದರೆ ತಾಳು,
ನಿಂಬೆಯ ಹಳದಿ ದಾಟಿ ಬಿಳುಪಿಗೆ ತಿರುಗಿತೋ, ಸುರಿ.
ಮನೆಗೆ ಬಂದರೆ ಬನಿಯನ್ನಿನ ತುಂಬ ಕಿಡಿ ಕಚ್ಚಿದ ತೂತು.
ಒಗೆಯುವಾಗ ಎಣಿಸುತ್ತಿದ್ದೆ: ಹದಿನಾಲ್ಕು, ಹತ್ತೊಂಬತ್ತು.
ಲೆಕ್ಕ ಏರಿದ ದಿನ ಸಾರಿಗೆ ಖಾರ ಇಳಿಸುತ್ತಿದ್ದೆ.

ಆ ಕಣ್ಣಿಗೆ ಈಗ ಪೊರೆ.
ಕೆಂಪೂ ಒಂದೇ ಕಿತ್ತಳೆಯೂ ಒಂದೇ,
ಎಲ್ಲಕ್ಕೂ ಮಜ್ಜಿಗೆ ಸುರಿದ ಹಾಗೆ ಅಂತಾರೆ.
ಮೆಗ್ಗಾನಿನಲ್ಲಿ ಆಪರೇಷನ್ನಿಗೆ ಚೀಟಿ ಬರೆಸಿಕೊಂಡು ಬಂದು
ಅಕ್ಕಿ ಡಬ್ಬದಡಿ ಇಟ್ಟರು.
ಮೂರು ಅಮಾವಾಸ್ಯೆ ಕಳೆಯಿತು.

ಬೆಳ್ಳಿ ಹಾಳೆ ನಗ್ಮಾಳ ಅಪ್ಪನ ಪಾರ್ಸೆಲ್ ಅಂಗಡಿಯದು.
ಮೈದಾ ಅಂಟು ಕಾಸಿಕೊಟ್ಟವಳು ನಾನು.
ಇವರು ಬೆರಳ ತುದಿಯಲ್ಲೇ ಸುಕ್ಕು ತೀಡುತ್ತಾ ಕೂತರು,
"ಸುಕ್ಕಿದ್ರೆ ಬೆಳಕು ಎಡವುತ್ತೆ ಕಣೆ" ಅನ್ನುತ್ತಾ.
ಬೆಳಕಿನ ವಿಚಾರ ಇವರಿಗೆ ಹೇಳಿದವರು ಯಾರೋ.
ಅಲ್ಯೂಮಿನಿಯಂ ಡಬ್ಬಿಗೆ ಸೈಕಲ್ಲಿನ ಕಪ್ಪು ಬಣ್ಣ ಬಳಿದಾಯಿತು.

ಉಳಿದದ್ದು ಗಾಜು. ಅಂಗಡಿಯವನು ನೂರೆಂಬತ್ತು ಅಂದ.
ಇವರು ಗೋಡೆಯತ್ತ ತಿರುಗಿದರು.
ಶ್ರೀ ಹಾಲೇಶಪ್ಪ ಬಿ., ದೀರ್ಘ ಸೇವೆಗಾಗಿ,
ಕೆಳಗೆ ಮ್ಯಾನೇಜರರ ಓದಲಾಗದ ರುಜು.
ಮೊಳೆಗಳನ್ನು ತಡವಿ ತಡವಿ ತಾವೇ ಕಿತ್ತರು.
ಕಾಗದ ನನ್ನ ಸೀರೆಗಳ ಅಡಿ ಹೋಯಿತು,
ಗೋಡೆಯಲ್ಲಿ ಸುಣ್ಣ ಮಾಸದ ಒಂದು ಚೌಕ ಉಳಿಯಿತು.

ರಾಗಿಹಿಟ್ಟು, ಬೆಲ್ಲ, ಕಿವುಚಿದ ಎರಡು ಪುಟ್ಟಬಾಳೆ, ಚಿಟಿಕೆ ಸೋಡಾ.
ಹನ್ನೊಂದಕ್ಕೆ ಇಟ್ಟೆವು.
ಅರ್ಧ ಗಂಟೆಗೊಮ್ಮೆ ನಗ್ಮಾ ನೆರಳು ನೋಡಿ
ಪೆಟ್ಟಿಗೆಯ ಮುಖ ತಿರುಗಿಸುವಳು,
ಮುದುಕರನ್ನು ಮಗ್ಗುಲು ಬದಲಿಸಿ ಮಲಗಿಸಿದ ಹಾಗೆ.
ಸದ್ದಿಲ್ಲ. ಹೊಗೆಯಿಲ್ಲ.
"ಇದೆಂಥ ಬೆಂಕಿ, ಹಾಳಾದ್ದು!"
ಅನ್ನುತ್ತಾ ಇವರು ಗಾಜು ಸರಿಸಿ
ಡಬ್ಬಿಯ ಮುಚ್ಚಳಕ್ಕೇ ಬೆರಳಿಟ್ಟರು.

ಸಬ್ಬಕ್ಕಿಯಂಥ ಬೊಬ್ಬೆ.
ಜೇನು ಹಚ್ಚುವಾಗ ನಗುತ್ತಿದ್ದರು, ಮೈ ಕುಲುಕಿಸಿ:
"ಅಷ್ಟು ವರ್ಷ ಕಂಡದ್ದೇ ಸುಟ್ಟಿತು,
ಕಾಣದೆ ಸುಟ್ಟದ್ದು ಇದೊಂದೇ."

ಒಂದೂವರೆಗೆ ಗಾಜಿನ ತುಂಬ ಮಂಜು.
ಸೆರಗಿನಲ್ಲಿ ಒರೆಸಹೋದೆ.
"ಒಳಗಿಂದು ಅಜ್ಜಿ, ಹೊರಗಿಂದ ಹೋಗಲ್ಲ" ಅಂದಳು ನಗ್ಮಾ.
"ಏನದು?" ಇವರು ಕೇಳಿದರು.
"ಗಾಜಿಗೆ ಪೊರೆ" ಅಂದುಬಿಟ್ಟೆ, ಬಾಯಿ ತಪ್ಪಿ.
ಇವರು ಮಾತಾಡಲಿಲ್ಲ.
ಪೆಟ್ಟಿಗೆಯನ್ನು ತಾವೇ ಒಂದು ಗೇಣು ಪಡುವಕ್ಕೆ ತಿರುಗಿಸಿದರು.

ಮೂರಕ್ಕೆ ತೆಗೆದೆವು. ಅಂಚು ಹಿಡಿದಿತ್ತು, ನಡು ಕೊಂಚ ಹಸಿ.
ಘಮ ಕೆಳಗಿನ ಮನೆ ಮುಟ್ಟಿತು.
ಆದರೆ ನಗ್ಮಾಳಿಗೆ ರೋಜಾ.
"ಮಗು ಬಾಯಿಗಿಡದ್ದು ನನಗೂ ಬೇಡ" ಅಂದರು ಇವರು,
ಟೀಯನ್ನೂ ಮುಟ್ಟಲಿಲ್ಲ.
ಬಿಸಿಲು ಬೇಯಿಸಿದ್ದಕ್ಕೆ
ಬಿಸಿಲು ಹೋಗುವ ತನಕ ಕಾದೆವು.
ಬಾಂಗು ಕೂಗಿದ ಮೇಲೆ ಒಂದು ಖರ್ಜೂರ,
ಆಮೇಲೆ ನಮ್ಮ ಕಪ್ಪು ತುಣುಕು.
ಸಕ್ಕರೆ ಸಾಲದು ಅಂತ ಅವಳ ಅಮ್ಮ ಅಂದಳು. ನಿಜವೇ.

ರಾತ್ರಿ ಅಕ್ಕಿಗೆ ಹೋದರೆ
ಡಬ್ಬ ಒಂದು ಬೆರಳು ಸರಿದಿತ್ತು.
ಅಡಿಯಲ್ಲಿ ಚೀಟಿ ಇದೆಯೋ ಇಲ್ಲವೋ, ನೋಡಲಿಲ್ಲ.
ಒಂದು ಪಾವು ಅಳೆದೆ.