ಉಯೂನಿ ಸಂತೆಯಲ್ಲಿ ಫೋರ್ತುನಾತ ಹೇಳಿದ್ದು

ಆ ಕಪ್ಪನ್ನ ಕೆಳಗಿಡು, ತಮ್ಮಾ.
ಒಪ್ಪುತ್ತೆ ನಿನ್ನ ಮುಖಕ್ಕೆ, ಇಲ್ಲ ಅನ್ನಲ್ಲ,
ಕನ್ನಡಿಯೂ ಅದನ್ನೇ ಹೇಳ್ತಿದೆ. ಕನ್ನಡಿಗೇನು,
ರಾತ್ರಿ ಕಣ್ಣುರಿಗೆ ಆಲೂಗಡ್ಡೆ ಬಿಲ್ಲೆ ಇಡೋಕೆ
ಅದು ನಿಮ್ಮನೆಗೆ ಬರುತ್ತಾ?

ಸೋಮವಾರದಿಂದ ಜೀಪು ಹೊಡೀತೀಯಂತೆ,
ನಿಮ್ಮಮ್ಮ ಸೆವೆರಿನ ರೊಟ್ಟಿ ಸಾಲಲ್ಲಿ ಹೇಳಿದಳು.
ಹಿಂದಿನ ಸೀಟಿನ ಪ್ರವಾಸಿಗರದು ಮೂರು ದಿನದ ಬಿಳುಪು.
ನಿನ್ನದು ಮೂವತ್ತು ವರ್ಷದ್ದು.

ಇಲ್ಲಿ ಬಿಸಿಲು ಮೇಲಿಂದ ಬೀಳೋದು ಅರ್ಧ,
ಉಳಿದರ್ಧ ಕೆಳಗಿಂದ ಏಳುತ್ತೆ,
ಗದ್ದದಡಿ ನುಗ್ಗಿ ಮೂಗಿನ ಹೊಳ್ಳೆಯ ಒಳಗನ್ನೂ ಸುಡುತ್ತೆ.
ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ.
ಉಪ್ಪೂ ಅಲ್ಲ.

ನಮ್ಮಣ್ಣ ಹಸಿಂತೊ
ಕೊಲ್ಚಾನಿಯಲ್ಲಿ ಕೊಡಲಿ ಹಿಡಿದು ಉಪ್ಪು ಕಡಿದವನು,
ಉಣ್ಣೆ ಮುಸುಕಿನ ಮೇಲೆ ಕಪ್ಪು ಗಾಜು,
ಹತ್ತು ಬೊಲಿವಿಯಾನೊದ್ದು.
ನಾನೇ ಕೊಟ್ಟಿದ್ದು. ಹೌದು, ಇದೇ ಹಲಗೆಯ ಮೇಲಿಂದ,
ಅಣ್ಣನೆಂದು ಎರಡು ಬಿಟ್ಟು ಎಂಟಕ್ಕೆ.

ಯಾರಿಗೆ ಗೊತ್ತಿತ್ತು?
ಕಪ್ಪು ಹಾಕಿದರೆ ಕಣ್ಣಪಾಪೆಗೆ ಕತ್ತಲಾಯ್ತೆಂಬ ಭ್ರಮೆ,
ಬಾಗಿಲು ಅಗಲ ತೆರೆದು ಕೂರುತ್ತೆ ಪಾಪದ್ದು,
ಕಾಣದ ಬೆಳಕು
ಚಪ್ಪಲಿಯೂ ಬಿಚ್ಚದೆ ಒಳಗೆ ನಡೆದುಬಿಡುತ್ತೆ.
ಉಪ್ಪು ತಿಂದವನು ನೀರು ಕುಡಿಯಬೇಕು, ಸರಿ.
ಉಪ್ಪು ಕಡಿದವನ ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ.
ಈಗ ಮೂಲೆಯಿಂದ ಮಾಂಸದ ಎಳೆಯೊಂದು ಬೆಳೆದು
ಕರಿಗುಡ್ಡೆಯ ದಡ ಮುಟ್ಟಿದೆ.
ನನ್ನನ್ನ ಹೆಜ್ಜೆ ಸಪ್ಪಳದಲ್ಲೇ ಗುರುತಿಸ್ತಾನೆ.

ಇಗೋ, ಇದು ಕಳ್ಳನೋಟು ಹಿಡಿಯೋ ಟಾರ್ಚು.
ಇಪ್ಪತ್ತರ ನೋಟಿನ ಮೇಲೆ ಬಿಡ್ತೀನಿ, ನೋಡು,
ಹಗಲಲ್ಲಿ ಇಲ್ಲದ ದಾರಗಳು
ಮಿಂಚುಹುಳದ ಹಾಗೆ ಎದ್ದವಲ್ಲ?
ಈಗ ನಡುವೆ ನಿನ್ನ ಆ ಕಪ್ಪು.
ಇನ್ನೂ ಉರೀತಿವೆ. ಜರಡಿ ಅದು.
ಈಗ ಈ ಕಂದು.
ಹೂಂ.
ಆರಿದವು.
ಒಮ್ಮೊಮ್ಮೆ ಅಂಗಡಿ ಮುಚ್ಚಿದ ಮೇಲೂ
ಒಬ್ಬಳೇ ಕೂತು ಹಚ್ಚಿ ಆರಿಸ್ತೀನಿ, ಹಚ್ಚಿ ಆರಿಸ್ತೀನಿ.

ಹಾಕು. ಬಗ್ಗು. ಚಕ್ರದ ನಟ್ಟು ಬಿಗಿಯೋ ಹಾಗೆ ತಲೆ ಆಡಿಸು.
ಜಾರಿತಾ? ಈಗ ನಗು,
ನಕ್ಕಾಗ ಕೆನ್ನೆ ಎದ್ದು ಕಟ್ಟನ್ನ ಎತ್ತಬಾರದು.
ಪಕ್ಕದಲ್ಲಿ ನನ್ನ ಕಿರುಬೆರಳು ತೂರಿದರೆ
ಬೆಳಕೂ ತೂರುತ್ತೆ.

ಇನ್ನೊಂದು ಮಾತು.
ಮಳೆ ನಿಂತು ಬಯಲೆಲ್ಲ ಕನ್ನಡಿಯಾಗುತ್ತಲ್ಲ,
ಈ ಗಾಜು ನೀರ ಮೇಲಿನ ಹೊಳಪನ್ನ ಕೆನೆಯ ಹಾಗೆ ತೆಗೆದಿಡುತ್ತೆ.
ಪ್ರವಾಸಿಗರು ಬೈಕೊಳ್ತಾರೆ, ಮೋಡ ಮಾಯವಾಯ್ತೆಂದು
ಕಿತ್ತು ಹಣೆಗೇರಿಸ್ತಾರೆ ಫೋಟೋಕ್ಕೆ.
ಅವರಿಗೆ ಕಾಲಡಿ ಆಕಾಶ ಬೇಕು.
ನಿನಗೆ ಬೇಕಿರೋದು ಗುಳಿ.
ಉಪ್ಪಿನ ಕಣ್ಣು ಅಂತೀವಲ್ಲ, ತಣ್ಣಗೆ ಗುಳುಗುಳು ಅಂತ ಕೂತಿರುತ್ತೆ,
ಜೀಪಿನ ಮುಂಗಾಲಿಯನ್ನ ಇಡಿಯಾಗಿ ನುಂಗುತ್ತೆ.
ಅದು ನಿನ್ನ ನೋಡೋ ಮೊದಲು
ನೀನು ಅದನ್ನ ನೋಡಬೇಕು.

ನೂರಾ ನಲವತ್ತು.
ಎಂಬತ್ತೇ ಇದೆಯಾ? ಕೊಡು, ಉಳಿದದ್ದು ಸಂಬಳದ ದಿನ.

ಮತ್ತೆ ಆ ಕಪ್ಪನ್ನ ಯಾಕೆ ಇನ್ನೂ ಹರಡಿಟ್ಟಿದ್ದೀಯ ಅಂತ
ಕಣ್ಣಲ್ಲೇ ಕೇಳ್ತಿದ್ದೀಯ.
ದಿನಕ್ಕೆ ಏಳೆಂಟು ಹೋಗುತ್ತೆ. ಬಾಡಿಗೆ ಅದರದ್ದೇ.
ಪೇಟೆಯ ಹುಡುಗರು, ಶೋಕಿಗೆ, ಸಂಜೆ ಹೊತ್ತು...
ಹಾಗಂತ ಅಂದುಕೊಂಡಿದ್ದೀನಿ.

ಹೊರಡು ಈಗ.
ಆ ಇಪ್ಪತ್ತರ ನೋಟು ಇಲ್ಲಿ ಕೊಡು, ತಮ್ಮಾ,
ಅದು ನನ್ನದು.