ಹದಿನಾಲ್ಕು ಪಾಯಿಂಟ್ ಎರಡು

ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಕೊಂದೆ ನಾನು.
ಮೂರನೆಯದಕ್ಕೆ ದುಡ್ಡು ಹಿಡಿದು ಹೊರಟಾಗ
ಮಲ್ಪೆ ಬಂದರಿನ ಹಿಂದೆ, ಐಸ್ ಫ್ಯಾಕ್ಟರಿಯ ಗೋಡೆಗೆ ಒರಗಿದ ಅಂಗಡಿಯಲ್ಲಿ
ಮೋನಬ್ಬ ಬೀಡಿ ನಂದಿಸಿ ಕೇಳಿದರು:
"ಸತ್ತದ್ದು ಬ್ಯಾಟರಿ ಅಂತ ಯಾರು ಹೇಳಿದ್ದು ಅಕ್ಕಾ?"

ಯಾರೂ ಹೇಳಿರಲಿಲ್ಲ.
ಪಡುಕೆರೆಯ ಮರಳಲ್ಲಿ ದೋಣಿ ಎಳೆಯುವ ಜೀಪು ನನ್ನದು,
ನಾಲ್ಕೂ ಚಕ್ರ ದುಡಿಯುವಂಥದ್ದು.
ಗೇರು ಗೊತ್ತು, ಕ್ಲಚ್ಚು ಗೊತ್ತು,
ಯಾವ ತೆರೆಗೆ ಎಷ್ಟು ಹಿಂದೆ ಸರಿಯಬೇಕು ಗೊತ್ತು;
ಬಾನೆಟ್ಟಿನ ಕೆಳಗೆ ಬೆಲ್ಟಿಗೆ ಸಿಕ್ಕಿ ಸುತ್ತುತ್ತಲೇ ಇರುವ
ಸುಲಿದ ತೆಂಗಿನಕಾಯಿಯಷ್ಟರ ಆಲ್ಟರ್ನೇಟರು,
ಅದರ ಹೆಸರು ಕೇಳಿದ್ದೆ. ಮುಖ ನೋಡಿರಲಿಲ್ಲ.

ಆ ರಾತ್ರಿಯದ್ದು ಹೇಳಿದೆ.
ಅಣ್ಣನ ದೋಣಿ ಬಂಗುಡೆ ತುಂಬಿ ತೆರೆಯ ಆಚೆ ನಿಂತಿತ್ತು.
ದಡ ಇಲ್ಲಿ, ಇಲ್ಲಿಗೆ ಬನ್ನಿ ಅನ್ನಲು ನನ್ನ ಎರಡು ಲೈಟು.
ಬಿಳಿ ಹಳದಿಯಾಯಿತು. ಹಳದಿ, ಕಣ್ಣ ಚಾದ ಬಣ್ಣ.
ಆಮೇಲೆ ಅದೂ ಇಲ್ಲ.
ಇಂಜಿನ್ ಮಾತ್ರ ನಿಲ್ಲಲಿಲ್ಲ. ಹಳೆಯ ಡೀಸೆಲ್ಲು,
ಒಮ್ಮೆ ಹೊತ್ತಿಕೊಂಡರೆ ಅದಕ್ಕೆ ಯಾರ ಹಂಗೂ ಇಲ್ಲ.
ಆ ಡುಗುಡುಗು ಸದ್ದಿಗೆ ಕಿವಿಕೊಟ್ಟೇ
ದೋಣಿ ದಡ ಹತ್ತಿತು, ನನ್ನ ಬಂಪರಿಗೆ ಒಂದು ಗೇಣು ಬಿಟ್ಟು.

ಮೋನಬ್ಬ ನಗಲಿಲ್ಲ.
ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ, ಅಂದರು.
ಸ್ಕ್ರೂಡ್ರೈವರಿನ ತುದಿಯನ್ನು ಅದರ ಬೆನ್ನಿನ ಬೇರಿಂಗಿಗೆ ಹಿಡಿದರು.
ಕಚ್ಚಿ ಹಿಡಿಯಬೇಕಿತ್ತಂತೆ. ಹಿಡಿಯಲಿಲ್ಲ.
"ಒಳಗೆ ಸೆಳೆತ ಇಲ್ಲ."

ಬಿಚ್ಚಿದರೆ ಉಪ್ಪು, ಹಸಿರು ಕಿಲುಬು, ಒಂದು ಚಿಟಿಕೆ ಮರಳು,
ಕಾರ್ಬನ್ ಬ್ರಷ್ಷು ಎರಡು, ಸವೆದು ಸವೆದು
ಕುಚ್ಚಲಕ್ಕಿಯ ಕಾಳಿನಷ್ಟು.
ಅವು ಮುಟ್ಟಿದರೆ ಸುತ್ತುವುದು ಅಯಸ್ಕಾಂತ ಆಗುತ್ತದೆ,
ಅದು ಸುತ್ತಿದರೆ ತಾಮ್ರದಲ್ಲಿ ಕರೆಂಟು ಹುಟ್ಟುತ್ತದೆ;
ಬ್ಯಾಟರಿಯದ್ದು ಮೊದಲಿನ ಒಂದು ತಳ್ಳು ಮಾತ್ರ,
ಆಮೇಲಿನ ಸಂಸಾರ ಪೂರಾ ಇದರದ್ದು,
ಆ ತಳ್ಳಿನ ಸಾಲ ತೀರಿಸುವುದೂ ಇದೇ.
"ನೀವು ಎರಡು ಸಲ ಕೊಡಪಾನ ಬದಲಿಸಿದ್ದೀರಿ ಅಕ್ಕಾ,
ಬತ್ತಿದ್ದು ಬಾವಿ."

ಬ್ರಷ್ಷಿಗೆ ಮುನ್ನೂರು. ಬೇರಿಂಗ್ ಬೇರೆ.
ನನ್ನ ನಾಚಿಕೆಗೆ ಬಿಲ್ಲು ಹಾಕಲಿಲ್ಲ.

ಈಗ ಚಕ್ರ ಉಪ್ಪುನೀರು ಮುಟ್ಟಿದ ದಿನ
ಇಂಜಿನ್ ತಣಿದ ಮೇಲೆ ಸಿಹಿನೀರು, ಮೆಲ್ಲಗೆ, ಮಗುವಿಗೆ ಮೀಯಿಸಿದ ಹಾಗೆ.
ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು;
ಸಡಿಲ ಬಿಟ್ಟರೆ ಅದು ಕಿರಿಚುತ್ತದೆ,
ಬಿಗಿದರೆ ಬೇರಿಂಗು ಒಳಗೊಳಗೇ ಅಳುತ್ತದೆ.
ಓಡುವಾಗ ಬ್ಯಾಟರಿಯ ವಯರು ಬಿಚ್ಚಬಾರದು,
ಬಿಚ್ಚಿದ ಯಶೋಧರನ ಡಯೋಡು ಸುಟ್ಟು ಕೂತಿದೆ.

ಸಂಜೆ ಮೀಟರಿನ ಎರಡು ಮುಳ್ಳು ಇಟ್ಟು ನೋಡುತ್ತೇನೆ.
ಹನ್ನೆರಡೂವರೆ.
ಸ್ಟಾರ್ಟ್.
ಅಂಕಿ ಮೇಲೇಳುವುದನ್ನು ಕಾಯುತ್ತೇನೆ, ಅನ್ನ ಉಕ್ಕುವುದನ್ನು ಕಾದ ಹಾಗೆ.

ಕತ್ತಲಾದ ಮೇಲೆ ಅಣ್ಣ ಸಮುದ್ರದಿಂದ ಫೋನು ಮಾಡುತ್ತಾನೆ,
"ಎಷ್ಟುಂಟು?"
ಕೇಳುವುದು ಮೀನಿನ ರೇಟಲ್ಲ.
"ಹದಿನಾಲ್ಕು ಪಾಯಿಂಟ್ ಎರಡು."
"ಹಾಗಾದರೆ ಬರ್ತೇವೆ."